ರುಚಿ ನೋಡಿ ಕೂಗಬೇಕು

ನಮ್ಮ ಗಲ್ಲಿಯ ಬಾವಿ ಕೆಟ್ಟಿದೆ ಎಂದು ನನಗೆ ಮೊದಲು ಹೇಳಿದವಳು ಆಯಿ. ಹೇಳಿದ್ದೂ ಸುಮ್ಮನೆ ಅಲ್ಲ. ಕೆಲಸಕ್ಕೆ ಹೊರಟವನ ಮೋಟರ್ ಸೈಕಲ್ಲಿಗೆ ಅಡ್ಡ ನಿಂತು, ಕೈಯಲ್ಲಿದ್ದ ತಂಬಿಗೆಯನ್ನು ನನ್ನ ಮೂಗಿಗೆ ತಾಗಿಸಿದಳು.

"ಮೂಸು," ಅಂದಳು. "ಬೆಲ್ಲ ಸುಟ್ಟಂಗ ವಾಸನಿ ಬರ್ತದಿಲ್ಲೋ?"

ನನಗೆ ಯಾವ ವಾಸನೆಯೂ ಬರಲಿಲ್ಲ. "ನಿನ್ನ ಮೂಗಿಗೇ ಏನರೆ ಆಗ್ಯಾದ, ಆಯಿ," ಎಂದು ನಗುತ್ತ ಗಾಡಿ ತಿರುಗಿಸಿದೆ. ಆಯಿ ನನ್ನ ಸ್ವಂತ ಅಜ್ಜಿಯಲ್ಲ. ಗಲ್ಲಿಯಲ್ಲಿ ಎಲ್ಲರಿಗಿಂತ ಹಿರಿಯಳು, ಹಾಗಾಗಿ ಎಲ್ಲರಿಗೂ ಆಯಿ. ಬಾವಿಯ ಪಕ್ಕದಲ್ಲೇ ಆಕೆಯ ಮನೆ. ಸೇದುವಾಗ ಚೆಲ್ಲಿದ ನೀರು ಹರಿದು ಹೋಗುವಲ್ಲಿ ಒಂದು ಕುಂಬಳಬಳ್ಳಿ ಹಬ್ಬಿಸುವುದು ಆಕೆಯ ಒಕ್ಕಲುತನ. ಕಾರ್ಖಾನೆಯ ಗೇಟು ದಾಟುವಾಗ ನನಗೆ ಹೊಳೆಯಿತು, ಕೆಟ್ಟಿರುವ ಮೂಗು ನನ್ನದೇ ಇರಬೇಕು. ಹಗಲೆಲ್ಲ ಆ ವಾಸನೆಯಲ್ಲೇ ಇರುವವನಿಗೆ ಅದು ವಾಸನೆ ಎಂದು ತಿಳಿಯುವುದಾದರೂ ಹೇಗೆ?

ಉಮರ್ಗಾ ಮತ್ತು ನಿಲಂಗಾ ತಾಲೂಕುಗಳು ಕೂಡುವ ಕಡೆ ಇರುವ ಒಂದು ಸಣ್ಣ ಖಾಸಗಿ ಸಕ್ಕರೆ ಕಾರ್ಖಾನೆಯಲ್ಲಿ ನಾನು ಲ್ಯಾಬ್ ಕೆಮಿಸ್ಟ್. ಅದರ ಹೆಸರು ಇಲ್ಲಿ ಬೇಡ. ಕಬ್ಬಿನ ರಸದ ಸಿಹಿ ಅಳೆಯುವುದು, ಬಾಯ್ಲರಿನ ನೀರು ನೋಡುವುದು, ಹೊರಗೆ ಬಿಡುವ ನೀರನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಹಿಂದಿನ ಹಂಗಾಮಿನಲ್ಲಿ ಕಾರ್ಖಾನೆಗೆ ಭಟ್ಟಿ ಸೇರಿಕೊಂಡಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಸಿ ಸ್ಪಿರಿಟ್ ತೆಗೆಯುವುದು ಅಲ್ಲಿ. ಸ್ಪಿರಿಟ್ ಟ್ಯಾಂಕರಿನಲ್ಲಿ ಹೊರಟುಹೋಗುತ್ತದೆ. ಹಿಂದೆ ಉಳಿಯುವ ಕರಿ ನೀರು ಎಲ್ಲಿಗೂ ಹೋಗುವುದಿಲ್ಲ. ಪ್ಲಾಸ್ಟಿಕ್ ಹಾಳೆ ಹಾಸಿದ ದೊಡ್ಡ ಹೊಂಡದಲ್ಲಿ ನಿಲ್ಲುತ್ತದೆ. ಹೊಂಡ ಏರಿನ ಮೇಲೆ, ನಮ್ಮ ಗಲ್ಲಿ ಇಳಿಜಾರಿನಲ್ಲಿ.

ನಮ್ಮ ಗಲ್ಲಿಗೆ ಊರಿನವರು ಮಿಷನ್ ಗಲ್ಲಿ ಅನ್ನುತ್ತಾರೆ. ಊರಬಾವಿಗೆ ನಮ್ಮ ಹಿರಿಯರು ಕೊಡ ಇಳಿಸುವಂತಿರಲಿಲ್ಲ. ಯಾರಾದರೂ ಮನಸ್ಸು ಮಾಡಿ ಮೇಲಿಂದ ಹೊಯ್ದರೆ ನೀರು, ಇಲ್ಲದಿದ್ದರೆ ಇಲ್ಲ. ಪ್ರಭುವಿನ ಹೆಸರು ಹಿಡಿದ ಮೇಲೆ ಅವರು ಮೊದಲು ತೋಡಿದ್ದು ಈ ಬಾವಿ. ಚರ್ಚಿನ ಗೋಡೆ ಎದ್ದದ್ದು ಎಷ್ಟೋ ವರ್ಷದ ಮೇಲೆ. ಅಲ್ಲಿಯ ತನಕ ಬಾವಿಕಟ್ಟೆಯ ಮೇಲೇ ಆರಾಧನೆ, ಅಲ್ಲೇ ದೀಕ್ಷಾಸ್ನಾನ, ಅಲ್ಲೇ ಮದುವೆ. ನನ್ನ ಅಜ್ಜ ಹೇಳುತ್ತಿದ್ದ, "ನಾವು ಮೊದಲ ನೀರು ಕುಡದೇವು, ಆಮ್ಯಾಲ ಹಾಡಿದೇವು."

ಅಂಥ ಬಾವಿ. ಮರುದಿನ ಬೆಳಿಗ್ಗೆ ಲ್ಯಾಬಿನಿಂದ ಗಾಜಿನ ಬೂಚಿನ ಬಾಟಲಿ ತಂದು, ಕಲ್ಲು ಕಟ್ಟಿ ಬಾವಿಗೆ ಇಳಿಸಿದೆ. ಈ ಸ್ಯಾಂಪಲ್ ತೆಗೆಯುವಾಗ ಒಂದು ಗುಳ್ಳೆ ಗಾಳಿಯೂ ಒಳಗೆ ಉಳಿಯಬಾರದು. ನೀರಿನ ಒಳಗೇ ತುಂಬಿಸಿ, ತುಳುಕುವಂತೆ ಬೂಚು ಹಾಕಬೇಕು. ನೋಡುವುದೇ ನೀರಿನಲ್ಲಿ ಕರಗಿದ ಉಸಿರು, ಅಂದರೆ ಆಮ್ಲಜನಕ, ಎಷ್ಟಿದೆ ಅಂತ. ಬಾಟಲಿಗೆ ಎರಡು ದ್ರಾವಣ ಹಾಕಿ ಅಲುಗಾಡಿಸಿ ಇಟ್ಟರೆ ಗಸಿ ಇಳಿಯುತ್ತದೆ. ಉಸಿರಿರುವ ನೀರಾದರೆ ಗಸಿ ಬೆಲ್ಲದ ಬಣ್ಣ. ಇಲ್ಲದ ನೀರಾದರೆ ಸುಣ್ಣದ ಹಾಗೆ ಬಿಳಿ.

ನಮ್ಮ ಬಾವಿಯ ಬಾಟಲಿಯಲ್ಲಿ ಬಿಳಿ ಇಳಿಯಿತು.

ನಾನು ನಂಬಲಿಲ್ಲ. ದ್ರಾವಣ ಹಳೆಯದಾಗಿರಬೇಕು ಎಂದು ಹೊಸದು ಮಾಡಿದೆ. ಲ್ಯಾಬಿನ ನಲ್ಲಿಯ ನೀರಿಗೆ ಹಾಕಿದರೆ ಚೆಂದಾಗಿ ಬೆಲ್ಲದ ಬಣ್ಣ ಬಂತು. ಬಾವಿಯ ನೀರಿಗೆ ಹಾಕಿದರೆ ಮತ್ತೆ ಬಿಳಿ. ಆಮೇಲೆ ಆಮ್ಲ ಹಾಕಿ ಕುದಿಸುವ ಇನ್ನೊಂದು ಪರೀಕ್ಷೆಗೆ ಇಟ್ಟೆ. ಅದರಲ್ಲಿ ನೀರಿನೊಳಗಿನ ಹೊಲಸು ಎಷ್ಟೆಂದು ತಿಳಿಯುತ್ತದೆ. ಕುದಿಯುವ ಮೊದಲೇ ಕಿತ್ತಳೆ ಬಣ್ಣ ತಿರುಗಿ ಹಸಿರಾಗಿ ಕೂತಿತು. ಹಾಕಿದ ಮದ್ದೆಲ್ಲ ಹೊಲಸಿಗೇ ತೀರಿಹೋಗಿತ್ತು. ಇದು ಚರಂಡಿ ನೀರಿಗೆ ಆಗುವ ಕಥೆ, ಕುಡಿಯುವ ನೀರಿಗಲ್ಲ.

ಮಧ್ಯಾಹ್ನ ಊಟ ಬಿಟ್ಟು ಹೊಂಡದ ಸುತ್ತ ನಡೆದೆ. ಕೆಳಗಿನ ಮೂಲೆಯಲ್ಲಿ ಹಾಳೆ ಹರಿದಿತ್ತು. ರಾಡಿ ಎತ್ತಲು ಬಂದ ಜೆಸಿಬಿಯ ಹಲ್ಲು ತಾಗಿರಬೇಕು. ಹರಿದ ಕಡೆ ಕರಿ ನೀರು ಸಣ್ಣಗೆ ಸುಳಿ ತಿರುಗುತ್ತ ಒಳಗೆ ಇಳಿಯುತ್ತಿತ್ತು. ಕೆಳಗೆ ಬರೀ ಗರಸು ನೆಲ. ಅಲ್ಲಿ ಇಳಿದ ನೀರಿಗೆ ದಾರಿ ತೋರಿಸುವವರು ಬೇಕಿಲ್ಲ.

ಮ್ಯಾನೇಜರ್ ಪುಣೆ ಕಡೆಯವರು. ಎಲ್ಲವನ್ನೂ ಕೇಳಿದರು, ಚಹ ತರಿಸಿದರು, ಬಾಗಿಲು ಮುಚ್ಚಿಸಿದರು. ಹಂಗಾಮಿನ ನಡುವೆ ಹೊಂಡ ಖಾಲಿ ಮಾಡಿಸಲು ಆಗುವುದಿಲ್ಲ, ಭಟ್ಟಿ ನಿಲ್ಲಿಸಲು ಆಗುವುದೇ ಇಲ್ಲ ಅಂದರು. ಇಷ್ಟರಲ್ಲೇ ಸರಕಾರಿ ತಪಾಸಣೆಗೆಂದು ಹೊರಗಿನ ಲ್ಯಾಬಿಗೆ ಕಾರ್ಖಾನೆ ಬಿಡುವ ನೀರಿನ ಸ್ಯಾಂಪಲ್ ಕಳಿಸುವುದಿತ್ತು. ಅದನ್ನು ತುಂಬಬೇಕಾದವನು ನಾನೇ. ಅದರ ಬಗ್ಗೆ ಕೇಳಿದ್ದಕ್ಕೆ ಅವರು ನಗುತ್ತಲೇ ಮರಾಠಿಯಲ್ಲಿ ಹೇಳಿದರು:

"ಸ್ಯಾಂಪಲ್ ಕುಠೂನ ಘ್ಯಾಯಚಾ, ತೇ ಮೀ ಸಾಂಗತೋ."

ಎಲ್ಲಿಂದ ತೆಗೆಯಬೇಕು ಅನ್ನುವುದನ್ನು ಅವರು ಹೇಳುತ್ತಾರೆ. ಯಂತ್ರಗಳನ್ನು ತಂಪು ಮಾಡಿದ ನೀರು ಹೊರಬರುವ ಪೈಪು ತೋರಿಸಿದರು. ಅದರಲ್ಲಿ ಮೀನು ಸಾಕಬಹುದು, ಅಷ್ಟು ಸ್ವಚ್ಛ. ಯಾರೂ ಸುಳ್ಳು ಅಂಕಿ ಬರೆಯಬೇಕಾಗಿಲ್ಲ. ಬಾಟಲಿಯನ್ನು ಬೇರೆ ಕಡೆ ಹಿಡಿದರೆ ಸಾಕು. ಈ ಜಾಣತನಕ್ಕೆ ನನಗೆ ಸಿಟ್ಟಿಗಿಂತ ಮೊದಲು ಬೆರಗು ಬಂತು.

ಸಿಟ್ಟು ಬಂದದ್ದು ಮನೆಗೆ ಹೋದ ಮೇಲೆ. ನನ್ನ ತಮ್ಮ ಅದೇ ಭಟ್ಟಿಯಲ್ಲಿ ಆಪರೇಟರ್. ಚರ್ಚಿನಲ್ಲಿ ಡೋಲಕ್ ಬಾರಿಸುವವನೂ ಅವನೇ. ಅವನಿಗೆ ಹೇಳಿದರೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ.

"ನೀ ಬಾಯಿ ಬಿಟ್ಟಿ ಅಂದ್ರ ಭಟ್ಟಿ ಬಂದ್. ನಾ ಒಬ್ನೇ ಅಲ್ಲ, ಗಲ್ಲಿದಾಗಿನ ಗಂಡಸ್ರು ಅರ್ಧ ಮಂದಿ ಅಲ್ಲೇ ಅದಾರ. ಕಬ್ಬು ಕಡಿಲಿಕ್ಕ ಮತ್ತ ಮನಿ ಮಾರು ಬಿಟ್ಟು ಹೋಗಬೇಕೇನು ನಾವು?"

"ಬಾವಿ ನೀರು ಕುಡದ್ರ ಸಾಯ್ತೀರೋ."

"ಸಾವಕಾಶ ಸಾಯ್ತೀವಿ. ಹಸದ್ರ ಲಗೂ ಸಾಯ್ತೀವಿ."

ಅತ್ತ ದರಿ ಇತ್ತ ಪುಲಿ ಅನ್ನುವ ಮಾತನ್ನು ಶಾಲೆಯಲ್ಲಿ ಎಷ್ಟು ಸಲ ವಾಕ್ಯದಲ್ಲಿ ಬಳಸಿದ್ದೆನೋ. ಅದರ ನಡುವೆ ನಿಂತದ್ದು ಆಗಲೇ. ಇನ್ನೂ ಒಂದು ಇಕ್ಕಟ್ಟಿತ್ತು. ಕಾರ್ಖಾನೆಯ ಮಾಲಕರು ಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡಿಕೊಂಡು ಬಂದ ಶಿವಭಕ್ತರ ಮನೆತನದವರು, ವಿಭೂತಿ ಹಚ್ಚದೆ ಹೊರಗೆ ಕಾಲಿಡುವವರಲ್ಲ. ನಾನು ಉದಗೀರದಲ್ಲಿ ಬಿಎಸ್ಸಿ ಓದುವಾಗ ಹಾಸ್ಟೆಲಿಗೆ ಜೋಳದ ಚೀಲ ಕಳಿಸಿದವರು ಅವರು. ಮಿಷನ್ ಗಲ್ಲಿಯ ಹುಡುಗನಿಗೆ ಲ್ಯಾಬಿನಲ್ಲಿ ಕೆಲಸ ಕೊಟ್ಟು, ಅದೂ ಕೆಲವರು ಮುಖ ಸಿಂಡರಿಸಿದಾಗ, ಗಟ್ಟಿಯಾಗಿ ನಿಂತವರು. ಚರ್ಚಿನ ತಗಡಿನ ಮಾಡು ಅವರದೇ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮವ್ವ ಹಾಲಿನ ಜೊತೆ ಕುಡಿಸಿದ್ದಳು.

ನಾನು ಮಾಡಿದ್ದು ಇಷ್ಟೇ. ಗಲ್ಲಿಯ ಮನೆ ಮನೆಗೆ ಹೋಗಿ, ಬಾವಿ ನೀರು ಕುಡಿಯಬೇಡಿ ಅಂದೆ. ಯಾಕೆ ಅಂದರು. "ಸ್ವಲ್ಪ ದಿನ ಬ್ಯಾಡ್ರಿ," ಅಂದೆ. ಕಾರಣ ಹೇಳದ ಮಾತಿಗೆ ಎಷ್ಟು ತೂಕ? ಆಗುವವರು ಕಾಸಾರಶಿರಸಿಯಿಂದ ಜಾರಿನ ನೀರು ತರಿಸಿದರು. ನಾನು ಆಯಿಗೆ ಒಂದು ಜಾರು ಇಳಿಸಿ ಬಂದರೆ, ಅದನ್ನು ಆಕೆ ಮಕ್ಕಳಿರುವ ಮನೆಗೆ ದಾಟಿಸಿಬಿಟ್ಟಳು. "ನನ್ನ ಹಲ್ಲು ಬಂದದ್ದೂ ಇದೇ ನೀರಾಗ, ಬಿದ್ದದ್ದೂ ಇದೇ ನೀರಾಗ," ಅಂದಳು. ಆಕೆಯ ಕುಂಬಳಬಳ್ಳಿ ಆಗಲೇ ಅಂಚಿನಿಂದ ಸುಟ್ಟ ಹಾಗೆ ಕಪ್ಪಾಗುತ್ತಿತ್ತು.

ರಜೆ ಹಾಕಿ ನಿಲಂಗಾಕ್ಕೆ ಹೋಗಿ, ಅಲ್ಲಿಂದ ಉದಗೀರದ ಬಸ್ಸು ಹಿಡಿದೆ. ನಮ್ಮ ಪಾಸ್ಟರ್ ಇರುವುದು ಉದಗೀರದಲ್ಲಿ; ಸುತ್ತಲಿನ ಹಳ್ಳಿಗಳನ್ನು ಸರದಿಗೆ ಹಾಕಿಕೊಂಡು ನೋಡುತ್ತಾರೆ. ನನಗೆ ಬೇಕಾಗಿದ್ದದ್ದು ಪ್ರಾರ್ಥನೆಯಲ್ಲ. ಅವರು ಮಾಲಕರ ಬಳಿ ಮಾತಾಡಬೇಕಿತ್ತು. ಅವರು ಕಣ್ಣು ಮುಚ್ಚಿ ಕೇಳಿ, ಕಣ್ಣು ತೆರೆದು ಹೇಳಿದರು, "ಬೆಳೆಹಬ್ಬ ಹತ್ರ ಬಂದದ. ಮಾಲಕರೂ ಬರ್ತಾರ. ಹಬ್ಬ ಒಂದು ಆಗಿ ಹೋಗ್ಲಿ."

"ಬಾವಿ ಹಬ್ಬಕ್ಕ ಕಾಯ್ತದೇನ್ರೀ?"

"ಹಂಗಾರ ನೀನೇ ಹೇಳು. ತಪಾಸ ಮಾಡಿದಂವ ನೀ. ನನ್ನ ಬಾಯಿಲೆ ಯಾಕ ಹೇಳಸ್ತಿ?"

ಉದಗೀರದಿಂದ ತಿರುಗಿ ಬರುವ ಇಡೀ ದಾರಿ ಅವರನ್ನು ಬೈದುಕೊಂಡೆ. ಬೈಗುಳ ತೀರಿದ ಮೇಲೆ ಅವರ ಪ್ರಶ್ನೆ ಮಾತ್ರ ಸೀಟಿನ ಪಕ್ಕದಲ್ಲಿ ಕೂತಿತ್ತು.

ಬೆಳೆಹಬ್ಬದ ಬಗ್ಗೆ ಹೇಳಬೇಕು. ತೊಗರಿ ಬಡಿದು ಮುಗಿದು, ಕಡಲೆ ಕಾಯಿ ಕಟ್ಟುವ ಹೊತ್ತಿಗೆ ನಮ್ಮಲ್ಲಿ ಒಂದು ಭಾನುವಾರ ಈ ಹಬ್ಬ. ಯಾರ ಹೊಲದಲ್ಲಿ, ಯಾರ ಹಿತ್ತಿಲಲ್ಲಿ ಏನು ಬಂತೋ ಅದರ ಮೊದಲ ಪಾಲು ಚರ್ಚಿಗೆ ಬರುತ್ತದೆ. ತೊಗರಿ, ಹಸಿ ಕಡಲೆ, ಜೋಳದ ತೆನೆ, ಕುಂಬಳ, ತತ್ತಿ, ಕೋಳಿ ಎಲ್ಲವೂ ಬಲಿಪೀಠದ ಮುಂದೆ ಬಂದು ಕೂಡುತ್ತವೆ. ಆರಾಧನೆ ಮುಗಿದ ಮೇಲೆ ಅಲ್ಲೇ ಹರಾಜು. ಬಂದದ್ದು ಗಲ್ಲಿಯ ಬಡವರ ಪೆಟ್ಟಿಗೆಗೆ. ಹರಾಜು ಕೂಗುವವನು ನಾನು. ದನಿ ದೊಡ್ಡದು, ನಾಲಿಗೆ ಉದ್ದ ಎಂದು ಹಿರಿಯರು ಎಂದೋ ಕಟ್ಟಿದ ಪಟ್ಟ.

ಅದಕ್ಕೆ ಮೂರು ಕಟ್ಟಳೆ. ಪೀಠದ ಮುಂದೆ ಇಟ್ಟದ್ದನ್ನು ತಿರುಗಿ ಕೊಡುವ ಹಾಗಿಲ್ಲ. ಕೂಗುವವನು ತಿನ್ನುವ, ಕುಡಿಯುವ ವಸ್ತುವನ್ನು ಎಲ್ಲರ ಎದುರು ರುಚಿ ನೋಡಿಯೇ ಕೂಗಬೇಕು. ತೆಗೆದುಕೊಂಡವನು ಅದನ್ನು ಬಿಸಾಡದೆ ಬಳಸಬೇಕು. ನಡುವಿನ ಕಟ್ಟಳೆ ಯಾಕೆಂದು ಅಜ್ಜನನ್ನು ಕೇಳಿದ್ದೆ. ನಮ್ಮ ಕೈಯದನ್ನು ಊರು ತಿನ್ನುತ್ತಿರಲಿಲ್ಲ. ನಮ್ಮೊಳಗೂ ಒಂದು ಕುಲದ ಮನೆಯದನ್ನು ಇನ್ನೊಂದು ಕುಲ ಮುಟ್ಟುತ್ತಿರಲಿಲ್ಲ. ಅದಕ್ಕೇ ಹಿರಿಯರು, ಒಬ್ಬನನ್ನು ಎದ್ದು ನಿಲ್ಲಿಸಿ ಎಲ್ಲ ಮನೆಗಳದ್ದನ್ನೂ ತಿನ್ನಿಸಿದರು. ಪ್ರಭುವಿನ ಮುಂದೆ ಯಾರ ಕೈಯೂ ಮೈಲಿಗೆಯಲ್ಲ ಎಂದು ಹೇಳುವ ಬದಲು ತಿಂದು ತೋರಿಸುವುದು ಅವರ ಉಪದೇಶ.

ಆ ಭಾನುವಾರ ಮಾಲಕರು ಮುಂದಿನ ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಮ್ಯಾನೇಜರ್. ಪ್ರತಿ ವರ್ಷ ಬರುತ್ತಾರೆ, ದೊಡ್ಡ ಸವಾಲು ಕೂಗಿ ಆಯಿಯ ಕುಂಬಳಕಾಯಿ ತೆಗೆದುಕೊಳ್ಳುತ್ತಾರೆ. ಅವರು ಕುಡಿಯುವ ನೀರು ಮಾತ್ರ ಅವರ ಕಾರಿನಲ್ಲೇ ಬರುತ್ತದೆ. ಯಾರೂ ಅದನ್ನು ಎತ್ತಿ ಆಡುವುದಿಲ್ಲ. ಒಳ್ಳೆಯವರ ಇಂಥ ಸಣ್ಣ ದೂರವನ್ನು ನಾವು ನೋಡಿಯೂ ನೋಡದ ಹಾಗೆ ಇರಲು ಕಲಿತಿದ್ದೇವೆ.

ಪಾಸ್ಟರ್ ಆರಿಸಿಕೊಂಡ ಪ್ರಸಂಗವೂ ಬಾವಿಯದೇ. ದಾರಿ ನಡೆದು ದಣಿದ ಪ್ರಭು ಬಾವಿಯ ಬಳಿ ಕೂತು, ಯಾರ ಕೈಯ ನೀರನ್ನು ತನ್ನ ಜನ ಮುಟ್ಟುತ್ತಿರಲಿಲ್ಲವೋ ಅಂಥ ಹೆಂಗಸಿನ ಬಳಿ ನೀರು ಬೇಡಿದ ಕಥೆ. ನನಗೆಂದೇ ಆರಿಸಿದರೋ, ಭಾನುವಾರದ ಪಾಠದ ಸರದಿಯಲ್ಲಿ ಬಂದದ್ದೋ ಇವತ್ತಿಗೂ ಕೇಳಿಲ್ಲ. ಹೇಳುವಾಗ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಹರಾಜು ಚೆನ್ನಾಗಿಯೇ ಶುರುವಾಯಿತು. "ಈ ಹುಂಜ ನೋಡ್ರಿ, ಪಾಸ್ಟರ್ ಪ್ರಸಂಗ ಮುಗಿಯೂತನ ಸುಮ್ನ ಕೂತಿತ್ತು, ನಿಮ್ಮಕಿಂತ ಭಕ್ತಿ ಅದ ಇದಕ್ಕ," ಎಂದು ನಗಿಸಿದೆ. ಹಸಿ ಕಡಲೆ ಬಾಯಿಗೆ ಹಾಕಿದೆ, ಬೆಲ್ಲ ನೆಕ್ಕಿದೆ, ತತ್ತಿ ಮಾತ್ರ ಹಸಿಯಾಗಿ ಕುಡಿಯುವುದಿಲ್ಲ ಎಂದು ಜಗಳ ಮಾಡಿದೆ. ಕೊನೆಗೆ ಪೀಠದ ಮುಂದೆ ಒಂದು ಹಿತ್ತಾಳೆಯ ಕೊಡ ಉಳಿಯಿತು. ಬಾಯಿಗೆ ಬಿಳಿ ಅರಿವೆ ಕಟ್ಟಿತ್ತು. ಹಾಲು ಇರಬೇಕು ಅಂದುಕೊಂಡು ಬಿಚ್ಚಿದೆ. ನೀರು. ಚಹದ ಬಣ್ಣದ ನೀರು.

"ಯಾರ್ದಿದು?"

ಹೆಂಗಸರ ಸಾಲಿನಿಂದ ಆಯಿ ಎದ್ದಳು. "ನಂದು. ಈ ವರ್ಷ ಬಳ್ಳಿ ಒಣಗಿಹೋಯ್ತು. ಬರಿಗೈಲೆ ಹ್ಯಾಂಗ ಬರ್ಲಿ? ಬಾವೀದು ಒಂದು ಕೊಡ ತುಂಬ್ಕೊಂಡು ಬಂದೀನಿ. ಕೂಗು."

ಚರ್ಚಿನಲ್ಲಿ ಕೆಲವರು ನಕ್ಕರು. ಮ್ಯಾನೇಜರ್ ನಗಲಿಲ್ಲ. ನಾನು ಪಾತ್ರೆಗಳ ನಡುವಿನಿಂದ ಒಂದು ಲೋಟ ತೆಗೆದು, ಕೊಡದಲ್ಲಿ ಅದ್ದಿ ತುಂಬಿದೆ. ತಿರುಗಿ ಕೊಡುವ ಹಾಗಿಲ್ಲ. ಕುಡಿಯದೆ ಕೂಗುವ ಹಾಗಿಲ್ಲ. ಒಂದು ಗುಟುಕು ಕುಡಿದರೆ ನಾನೇನೂ ಸಾಯುತ್ತಿರಲಿಲ್ಲ. ಕುಡಿದು "ಸಿಹಿ ಅದ" ಎಂದು ಒಂದು ಜೋಕು ಹೊಡೆದಿದ್ದರೆ ಎಲ್ಲ ಮನೆಗೆ ಹೋಗುತ್ತಿದ್ದರು. ಆದರೆ ಗಲ್ಲಿಯಲ್ಲಿ ಓದಿದವನು, ನೀರು ತಪಾಸಣೆ ಮಾಡುವವನು, ಪೀಠದ ಮುಂದೆ ನಿಂತು ಕುಡಿದ ನೀರನ್ನು ಆಮೇಲೆ ಯಾರು ಕುಡಿಯದೆ ಬಿಡುತ್ತಾರೆ? ಇಲ್ಲಿ ಕುಡಿದರೆ ನಾಳೆ ಬಾಟಲಿಯನ್ನು ಮ್ಯಾನೇಜರ್ ತೋರಿಸಿದ ಪೈಪಿಗೆ ಹಿಡಿಯುವುದೂ ಸುಲಭ. ಕುಡಿಯದಿದ್ದರೆ ಆಯಿಯ ಕೈ ನೀರನ್ನು ಬೇಡ ಅಂದ ಹಾಗೆ. ನಮ್ಮ ಹಿರಿಯರಿಗೆ ಊರು ಮಾಡಿದ್ದನ್ನೇ ನಾನು ಪೀಠದ ಮುಂದೆ ಆಕೆಗೆ ಮಾಡಿದ ಹಾಗೆ. ಬಿಸಿ ತುಪ್ಪ ನುಂಗುವುದಕ್ಕೂ ಇಲ್ಲ, ಉಗುಳುವುದಕ್ಕೂ ಇಲ್ಲ.

"ನಾ ಇದನ್ನ ಕುಡಿಯಂಗಿಲ್ಲ," ಅಂದೆ.

ಡೋಲಕ್ ಪಕ್ಕಕ್ಕಿಟ್ಟು ತಮ್ಮ ಎದ್ದು ನಿಂತ. "ಆಯಿ ಕೈ ನೀರು ಒಲ್ಲೆ ಅಂತಿಯೇನೋ? ಯಾವಾಗಿಂದ ಇಷ್ಟು ದೊಡ್ಡಂವ ಆದಿ?"

ಆಯಿಯ ಮುಖ ನೋಡಲಾಗಲಿಲ್ಲ. ಲೋಟದ ಕಡೆ ನೋಡುತ್ತಲೇ ಹೇಳಿದೆ, "ಆಯಿ ಕೈ ಒಲ್ಲೆ ಅನ್ನಂಗಿಲ್ಲ. ಬಾವಿ ನೀರು ಒಲ್ಲೆ. ಭಟ್ಟಿ ಹೊಂಡದ ಹಾಳಿ ಹರದದ. ಹೊಲಸು ಬಾವಿಗೆ ಇಳಿಲಿಕತ್ತದ. ನಾನೇ ತಪಾಸ ಮಾಡೀನಿ, ಒಂದು ಸಲ ಅಲ್ಲ. ಈ ನೀರಿನಾಗ ಮೀನು ಬಿಟ್ರ ಉಸಿರು ಕಟ್ಟಿ ಸಾಯ್ತದ. ಯಾರೂ ಕುಡಿಬ್ಯಾಡ್ರಿ. ಇದೇ ಕಾರಣ. ಅವತ್ತು ಹೇಳ್ಲಿಕ್ಕ ಧೈರ್ಯ ಆಗ್ಲಿಲ್ಲ, ಇವತ್ತು ಹೇಳ್ಲಿಕತ್ತೀನಿ."

"ಗಪ್ಪ ಬಸ!" ಸುಮ್ಮನೆ ಕೂರು ಎಂದು ಮ್ಯಾನೇಜರ್ ಕೂಗಿದರು. ಮಾಲಕರು ಕೈಯೆತ್ತಿ ಅವರನ್ನು ತಡೆದು, ತಾವೇ ಎದ್ದು ಪೀಠದ ಬಳಿ ಬಂದರು. ಮುಖ ಕೆಂಪಾಗಿತ್ತು.

"ನಾ ಜೋಳ ಕಳಿಸಿ ಓದಿಸಿದ ಹುಡುಗ," ಎಂದರು, ನನಗಲ್ಲ, ಎಲ್ಲರಿಗೂ. "ನನ್ನ ಕಾರ್ಖಾನಿ ನಿಮಗ ವಿಷ ಹಾಕ್ತದಂತ. ಕೊಡು ಇಲ್ಲಿ. ಎಲ್ಲಾರು ನೋಡ್ರಿ, ನಾನೇ ಕುಡಿತೀನಿ."

ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಆಗ ಚರ್ಚಿನಲ್ಲಿ ಏನಾಯಿತೆಂದು ಸರಿಯಾಗಿ ಹೇಳಬೇಕು. ಮುದುಕರು ಒಬ್ಬೊಬ್ಬರಾಗಿ ಎದ್ದು ನಿಂತರು. ಒಬ್ಬರು ಕಣ್ಣೊರೆಸಿಕೊಂಡರು. ಸಾಹುಕಾರರು ನಮ್ಮ ಬಾವಿಯ ನೀರನ್ನು ನಮ್ಮ ಚರ್ಚಿನಲ್ಲಿ, ನಮ್ಮ ಲೋಟದಲ್ಲಿ ಕುಡಿಯುವುದನ್ನು ನೋಡಲು ಅವರು ಎಷ್ಟು ಕಾಲದಿಂದ ಕಾದಿದ್ದರೋ. ನೀರಿನಲ್ಲಿ ಏನಿದೆ ಅನ್ನುವುದನ್ನು ಆ ಗಳಿಗೆ ಎಲ್ಲರೂ ಮರೆತರು. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಕ್ಷಣ ನನಗೂ ಕುಡಿದುಬಿಡಲಿ ಅನ್ನಿಸಿತು.

ಲೋಟ ತುಟಿಗೆ ತಾಗುವಷ್ಟರಲ್ಲಿ ಆಯಿ ಜನರ ನಡುವೆ ನುಗ್ಗಿ ಬಂದು, ಲೋಟದ ಬಾಯಿಯ ಮೇಲೆ ಅಂಗೈ ಇಟ್ಟಳು.

"ಬ್ಯಾಡ್ರೀ ಸಾವ್ಕಾರ," ಅಂದಳು. "ನಮಗ ರೂಢಿ ಆಗ್ಯಾದ. ನಿಮಗ ಆಗಂಗಿಲ್ಲ."

ಆಕೆಯ ದನಿಯಲ್ಲಿ ಚುಚ್ಚು ಇರಲಿಲ್ಲ. ಮನೆಗೆ ಬಂದ ಅತಿಥಿಗೆ ಖಾರ ಜಾಸ್ತಿ ಆಗುತ್ತದೆ ಎಂದು ಹೇಳುವಾಗ ಇರುವ ದನಿ. ಮಾಲಕರ ಕೈ ಅಲ್ಲೇ ನಿಂತಿತು. ಅವರು ಆಯಿಯನ್ನು ನೋಡಿದರು, ಲೋಟ ನೋಡಿದರು, ಮೂಗಿನ ಬಳಿ ತಂದರು. ಅವರ ಮೂಗು ಕೆಟ್ಟಿರಲಿಲ್ಲ. ಲೋಟವನ್ನು ಮೆಲ್ಲಗೆ ಕೊಡದ ಪಕ್ಕ ಇಟ್ಟು, "ಕೂಗು," ಅಂದರು.

ಕೂಗಿದೆ. ಯಾರೂ ಸವಾಲು ಹಾಕಲಿಲ್ಲ. ಒಂದು ಸಾರಿ, ಎರಡು ಸಾರಿ ಅನ್ನುವಾಗ ನನ್ನ ದೊಡ್ಡ ದನಿ ಎಲ್ಲಿ ಹೋಗಿತ್ತೋ. "ನನ್ನ ಹೆಸರಿಗೆ," ಎಂದು ಅವರು ಹೇಳಿ, ಕೊಡವನ್ನು ಡ್ರೈವರನ ಕೈಗೆ ಕೊಡದೆ ತಾವೇ ಎತ್ತಿಕೊಂಡು ಹೊರಗೆ ನಡೆದರು.

ಮರುದಿನ ಕೆಲಸ ಹೋಯಿತೆಂದೇ ಲ್ಯಾಬಿಗೆ ಹೋದೆ. ನನ್ನ ಮೇಜಿನ ಮೇಲೆ ಕೊಡ, ನನ್ನ ಸ್ಟೂಲಿನ ಮೇಲೆ ಮಾಲಕರು.

"ತಗೊಂಡಂವ ಬಳಸ್ಬೇಕಂತಲ್ಲ ನಿಮ್ಮಲ್ಲಿ. ನನಗ ಇದರ ಬಳಕಿ ಇದೊಂದೇ ತಿಳಿದದ್ದು. ಮಾಡು, ನಾ ನೋಡ್ತೀನಿ."

ಬೇರೆ ಯಾವ ದಿನವಾದರೂ ಈ ಕೊಡದ ನೀರಿನಲ್ಲಿ ಉಸಿರು ಅಳೆಯುವುದಿಲ್ಲ ಅನ್ನುತ್ತಿದ್ದೆ. ಕೊಡದಲ್ಲಿ ಇಟ್ಟ ನೀರಿಗೆ ಗಾಳಿ ಸೇರಿರುತ್ತದೆ. ಅದನ್ನೂ ಅವರಿಗೆ ಹೇಳಿ, ಜೊತೆಗೆ ಬಾವಿಗೆ ಕರೆದುಕೊಂಡು ಹೋಗಿ ಅವರ ಎದುರೇ ಹೊಸ ಬಾಟಲಿ ಇಳಿಸಿದೆ. ಲ್ಯಾಬಿಗೆ ಬಂದು ಎರಡಕ್ಕೂ ದ್ರಾವಣ ಹಾಕಿದೆ. ಬಾವಿಯದರಲ್ಲಿ ಬಿಳಿ ಇಳಿಯಿತು. ರಾತ್ರಿಯಿಡೀ ಗಾಳಿಗೆ ತೆರೆದಿದ್ದ ಕೊಡದ್ದರಲ್ಲೂ ಬಿಳಿಯೇ; ಸೇರಿದ ಗಾಳಿಯನ್ನೂ ಹೊಲಸು ತಿಂದುಹಾಕಿತ್ತು. ಅವರು 'ಅರ್ಥ ಏನು' ಎಂದು ಕೇಳಿದರು. ಹೇಳಿದೆ. ಎರಡೂ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅವರು ಹೇಳಿದ ಮಾತು ನಾನು ನಿರೀಕ್ಷಿಸಿದ ಯಾವುದೂ ಅಲ್ಲ.

"ಹೊಂಡ ಖಾಲಿ ಮಾಡಿ ಹೊಸ ಹಾಳಿ ಹಾಕೂತನ ಭಟ್ಟಿ ಬಂದ್ ಇಡಬೇಕಾಗ್ತದ. ಈ ಹಂಗಾಮು ಹೋತು ಅಂತನೇ. ಭಟ್ಟಿಯವರಿಗೆ ಬ್ಯಾರೆ ಕೆಲಸ ಕೊಡ್ಲಿಕ್ಕ ನನ್ನ ಹಂತ್ಯಾಕ ಇಲ್ಲ. ನಿನ್ನ ತಮ್ಮನ್ನೂ ಮನಿಗಿ ಕಳಸ್ತೀನಿ. ನೀ ಹೇಳು, ಬಂದ್ ಮಾಡ್ಲೇನು?"

ಚರ್ಚಿನಲ್ಲಿ ಲೋಟ ಕೆಳಗಿಟ್ಟಾಗ ಬಿಡುಗಡೆಯಾಯಿತು ಅಂದುಕೊಂಡಿದ್ದೆ. ಬೋನಿನ ಬಾಗಿಲು ಈಗ ಮುಚ್ಚಿತು. ಅವರು ಸೇಡಿಗೆ ಕೇಳಿದರೋ, ನಿಜಕ್ಕೂ ದಾರಿ ಕಾಣದೆ ಕೇಳಿದರೋ ತಿಳಿಯಲಿಲ್ಲ. ಸಾವಕಾಶ ಸಾಯ್ತೀವಿ ಅಂದಿದ್ದ ತಮ್ಮನ ಮಾತು ನೆನಪಾಯಿತು. ಲೋಟದ ಮೇಲೆ ಆಯಿ ಇಟ್ಟ ಕೈಯೂ ನೆನಪಾಯಿತು.

"ಬಂದ್ ಮಾಡ್ರಿ," ಅಂದೆ.

ಹೊರಗಿನ ಲ್ಯಾಬಿನ ಸ್ಯಾಂಪಲನ್ನು ಹೊಂಡದ ಬಾಯಿಯಿಂದಲೇ ತುಂಬಿ ಕಳಿಸಿದೆ. ಮ್ಯಾನೇಜರ್ ನನ್ನೊಡನೆ ಮಾತು ಬಿಟ್ಟರು. ಅದರಿಂದ ನನಗೇನೂ ನಷ್ಟವಾಗಲಿಲ್ಲ. ನಷ್ಟವಾದದ್ದು ಗಲ್ಲಿಯಲ್ಲಿ. ಭಟ್ಟಿಯ ಗಂಡಸರು ಒಬ್ಬೊಬ್ಬರಾಗಿ ಮುರುಮ ಕಡೆ, ಔರಾದ ಕಡೆ ದುಡಿಯಲು ಹೋದರು. ನನ್ನ ತಮ್ಮ ಕಬ್ಬು ಹೇರುವ ಗ್ಯಾಂಗು ಸೇರಿದ. ಭಾನುವಾರ ಬಂದರೆ ಡೋಲಕ್ ಬಾರಿಸಿ ನನ್ನ ಕಡೆ ಬೆನ್ನು ಹಾಕಿ ಹೊರಟುಬಿಡುತ್ತಿದ್ದ. ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುವಿನ ಭೋಜನದ ಸಾಲಿನಲ್ಲಿ ನನ್ನ ಪಕ್ಕದ ಜಾಗ ಖಾಲಿ ಇರುತ್ತಿತ್ತು. ನಾನು ಸರಿ ಮಾಡಿದೆ ಎಂದು ಯಾರೂ ಹೇಳಲಿಲ್ಲ. ಪಾಸ್ಟರ್ ಒಮ್ಮೆ ಭುಜ ತಟ್ಟಿದರು, ಅದೂ ಯಾರೂ ನೋಡದಾಗ. ಸತ್ಯ ಹೇಳಿದರೆ ಎದೆ ಹಗುರಾಗುತ್ತದೆ ಅನ್ನುತ್ತಾರಲ್ಲ, ಅವರು ಹೇಳಿ ನೋಡಿಲ್ಲ ಅಂತ ಕಾಣುತ್ತದೆ.

ಹೊಂಡಕ್ಕೆ ಹೊಸ ಹಾಳೆ ಬಿತ್ತು. ಗಲ್ಲಿಗೆ ಕಾರ್ಖಾನೆಯ ಟ್ಯಾಂಕರ್ ಬರತೊಡಗಿತು, ಒಂದು ದಿನ ಬಂದರೆ ಒಂದು ದಿನ ಇಲ್ಲ. ಮಳೆಗಾಲದ ಮುಂಚೆ ನಾನು ಪಂಪು ಹಚ್ಚಿ ಬಾವಿ ಬಸಿದೆ. ತುಂಬಿತು, ಮತ್ತೆ ಬಸಿದೆ. ನೆಲ ಕುಡಿದದ್ದನ್ನು ಅಷ್ಟು ಬೇಗ ಬಿಡುವುದಿಲ್ಲ. ಬಸಿದಷ್ಟು ಸಲವೂ ಬಣ್ಣ ಒಂದಿಷ್ಟು ತಿಳಿಯಾಗುತ್ತಿತ್ತು, ವಾಸನೆ ಮಾತ್ರ ಇದ್ದೇ ಇತ್ತು. ಈಗ ಅದು ನನ್ನ ಮೂಗಿಗೂ ಬರುತ್ತಿತ್ತು.

ಈ ವರ್ಷ ಬೆಳೆಹಬ್ಬ ಬಂದಾಗ ಮುಂದಿನ ಕುರ್ಚಿ ಹಾಕಿದ್ದೆವು. ಮಾಲಕರು ಬರಲಿಲ್ಲ. ಟ್ಯಾಂಕರೂ ಆ ವಾರವೆಲ್ಲ ಬಂದಿರಲಿಲ್ಲ. ಹುಂಜ, ತೊಗರಿ, ಬೆಲ್ಲ ಎಲ್ಲ ಕೂಗಿ ಮುಗಿದ ಮೇಲೆ ನೋಡಿದರೆ ಪೀಠದ ಮುಂದೆ ಹಿತ್ತಾಳೆಯದೇ ಕೊಡ, ಬಿಳಿ ಅರಿವೆ. ಆಯಿ ಎದ್ದು ನಿಂತೇ ಇದ್ದಳು. ಅರಿವೆ ಬಿಚ್ಚಿ ಲೋಟ ತುಂಬಿದೆ. ನೀರು ಹೆಚ್ಚುಕಡಿಮೆ ತಿಳಿಯಾಗಿತ್ತು. ಕುಡಿಯಬಹುದು ಅನ್ನಿಸುವಷ್ಟು. ಇಡೀ ಚರ್ಚು ನನ್ನ ಬಾಯಿ ನೋಡುತ್ತಿತ್ತು. ಮೂಗಿಗೆ ಹಿಡಿದೆ.

"ಇನ್ನೂ ಇಲ್ಲ, ಆಯಿ," ಅಂದೆ.

ಡೋಲಕ್ ನೆಲಕ್ಕಿಟ್ಟ ಸದ್ದಾಯಿತು. ತಮ್ಮ ಎದ್ದು ಬಂದು ನನ್ನ ಕೈಯಿಂದ ಲೋಟ ಕಿತ್ತುಕೊಂಡ. ಈಗ ಕುಡಿದುಬಿಡುತ್ತಾನೆ, ನನ್ನ ಮೇಲಿನ ಸಿಟ್ಟಿಗೆ ಕುಡಿದುಬಿಡುತ್ತಾನೆ ಎಂದು ನನ್ನ ಜೀವ ಹೋಯಿತು. ಅವನು ಮೂಸಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದ. ಲೋಟದ ನೀರನ್ನು ಒಂದು ಹನಿ ಚೆಲ್ಲದ ಹಾಗೆ ಕೊಡಕ್ಕೆ ತಿರುಗಿ ಹೊಯ್ದ.

"ಖರೆ ಅದ," ಎಂದ, ನನ್ನ ಮುಖ ನೋಡಿ. "ಇನ್ನೂ ಇಲ್ಲ. ನನ್ನ ಹೆಸರಿಗೆ ಕೂಗು. ಈ ವರ್ಷ ಸಾವ್ಕಾರ್ರು ಬರ್ಲಿಲ್ಲ; ಅವರ ಮನಿಗಿ ನಾ ಒಯ್ತೀನಿ, ಮೂಸಿ ನೋಡ್ಲಿ."

ನಾನು ಅವನ ಹೆಸರಿಗೆ ಕೂಗಿದೆ. ಅವನು ಕೊಡ ಎತ್ತಲು ಬಗ್ಗಿದ. ಆಯಿ ಅರಿವೆಯನ್ನು ಮತ್ತೆ ಕೊಡದ ಬಾಯಿಗೆ ಬಿಗಿಯಾಗಿ ಕಟ್ಟಿ, ದಾರಿಯಲ್ಲಿ ಚೆಲ್ಲಬೇಡ ಎಂದು ಹೇಳಿ ಕಳಿಸಿದಳು.